ಪಿಕಾಲ್ಯೋವೊ: ಕೊಂಡಿ ಕಳಚಿದ ಊರು



ಸೇಂಟ್ ಪೀಟರ್ಸ್‌ಬರ್ಗಿನ ಪೂರ್ವಕ್ಕಿರುವ ಪಿಕಾಲ್ಯೋವೊ, ಸುಮಾರು ಇಪ್ಪತ್ತು ಸಾವಿರ ಜನರ ಕೈಗಾರಿಕಾ ಪಟ್ಟಣ. 1954ರಲ್ಲಿ ಅದಕ್ಕೆ ನಗರದ ಮಾನ್ಯತೆ ದೊರೆಯಿತು. ಕೋಲಾ ಪರ್ಯಾಯದ್ವೀಪದಿಂದ ರೈಲಿನಲ್ಲಿ ಬರುವ ನೆಫೆಲಿನನ್ನು ಸುಣ್ಣಕಲ್ಲಿನೊಡನೆ ಸುಟ್ಟು ಅಲ್ಯುಮಿನಾ ತೆಗೆಯುವುದು ಅಲ್ಲಿನ ಮುಖ್ಯ ಕಸುಬು. ಉಳಿದ ದ್ರಾವಣದಿಂದ ಸೋಡಾ ಮತ್ತು ಪೊಟ್ಯಾಷ್, ಕೆಸರಿನಿಂದ ಸಿಮೆಂಟು. ಒಂದರ ಕಸವೇ ಮತ್ತೊಂದರ ಕಚ್ಚಾವಸ್ತು.

ಸೋವಿಯತ್ ಕಾಲದಲ್ಲಿ ಇದೆಲ್ಲ ಒಂದೇ ಉದ್ಯಮವಾಗಿತ್ತು. ಖಾಸಗೀಕರಣದ ತರುವಾಯ ಮೂವರು ಒಡೆಯರ ಪಾಲಾಯಿತು. ಕಚ್ಚಾವಸ್ತುವಿನ ಬೆಲೆಯ ಬಗೆಗೆ ಒಮ್ಮತ ಮೂಡಲಿಲ್ಲ. 2008ರ ಆರ್ಥಿಕ ಕುಸಿತವೂ ಸೇರಿ ಕಾರ್ಖಾನೆಗಳು ಒಂದೊಂದಾಗಿ ಸ್ತಬ್ಧಗೊಂಡವು. ಮನೆಗಳಿಗೆ ಬಿಸಿನೀರು ಒದಗಿಸುತ್ತಿದ್ದುದೂ ಕಾರ್ಖಾನೆಯ ಶಾಖಸ್ಥಾವರವೇ. ಅನಿಲದ ಬಾಕಿ ತೀರದೆ 2009ರ ಮೇ ತಿಂಗಳಲ್ಲಿ ಅದೂ ನಿಂತಿತು.

ಜೂನ್ 2ರಂದು ಜನ ಹೆದ್ದಾರಿ ತಡೆದರು. ಜೂನ್ 4ರಂದು ಆಗಿನ ಪ್ರಧಾನಿ ಪುಟಿನ್ ಸ್ವತಃ ಬಂದು, ದೂರದರ್ಶನದ ಕ್ಯಾಮರಾಗಳ ಮುಂದೆ ಉದ್ಯಮಿ ಡೆರಿಪಾಸ್ಕಾರಿಂದ ಒಪ್ಪಂದಕ್ಕೆ ಸಹಿ ಹಾಕಿಸಿದರು. ಬಾಕಿ ಸಂಬಳ ಕೈಸೇರಿತು. ಕುಲುಮೆಗಳು ಮತ್ತೆ ಉರಿದವು.

ಜನ ನಿಟ್ಟುಸಿರು ಬಿಟ್ಟರು, ನಿಜ. ಆದರೆ ಸರ್ಕಾರಿ ಸೇವೆಯಲ್ಲಿ ತಲೆ ನರೆಸಿಕೊಂಡ ನನಗನಿಸುವುದಿಷ್ಟು: ಕೂಲಿ ಕೈಸೇರಲು ಪ್ರಧಾನಿಯೇ ಬರಬೇಕಾದಲ್ಲಿ ನಡೆಯುವುದು ಕೃಪೆ, ಆಡಳಿತವಲ್ಲ. ಉದ್ಯಮವನ್ನು ಹಂಚುವಾಗ ಅದನ್ನು ನಂಬಿದ ಊರನ್ನು ಲೆಕ್ಕಕ್ಕೆ ಹಿಡಿಯದಿದ್ದರೆ, ಆ ಬಾಕಿಯನ್ನು ತೆರುವವರು ಊರಿನವರೇ.