ಇತಿಹಾಸಕಾರ ಗೀಜೋ



ಫ್ರಾನ್ಸಿನ ಇತಿಹಾಸಕಾರನೂ ಮಂತ್ರಿಯೂ ಆದ ಫ್ರಾನ್ಸ್ವಾ ಗೀಜೋ (೧೭೮೭–೧೮೭೪) ಆರು ವರ್ಷದವನಿರುವಾಗಲೇ ಕ್ರಾಂತಿಕಾರರು ಆತನ ತಂದೆಯ ಶಿರಚ್ಛೇದ ಮಾಡಿದರು. ಆದರೂ ಆತನು ಕ್ರಾಂತಿಯನ್ನು ಬರಿದೆ ಹಳಿಯದೆ ಅದರ ಬೇರುಗಳನ್ನು ಅರಸಿದನು. ನಗರವಾಸಿಗಳಾದ ಮಧ್ಯಮವರ್ಗದವರು ಪಾಳೆಯಗಾರರೊಡನೆ ಶತಮಾನಗಳವರೆಗೆ ಹೋರಾಡಿದ್ದರಿಂದ ಯುರೋಪಿನ ನಾಗರಿಕತೆಯು ಮುಂದುವರಿಯಿತೆಂದು ೧೮೨೮ರಲ್ಲಿ ಪ್ಯಾರಿಸಿನ ಸಾರ್ಬನ್ ವಿದ್ಯಾಪೀಠದಲ್ಲಿ ಬೋಧಿಸಿದನು.

ಶಿಕ್ಷಕ ಬಂಧುಗಳು ಆತನ ೧೮೩೩ರ ಕಾಯದೆಯನ್ನು ಲಕ್ಷಿಸಬೇಕು. ಪ್ರತಿಯೊಂದು ಊರು, ತಾನಾಗಲಿ ನೆರೆಯೂರಿನೊಡನೆ ಕೂಡಿಯಾಗಲಿ, ಪ್ರಾಥಮಿಕ ಶಾಲೆಯನ್ನು ನಡೆಯಿಸಬೇಕಾಯಿತು. ಮಂತ್ರಿಯು ದೇಶದ ಶಾಲಾಮಾಸ್ತರರಿಗೆಲ್ಲ ಪತ್ರ ಬರೆದು ಅವರ ಕಾರ್ಯದ ಹಿರಿಮೆಯನ್ನು ತಿಳಿಸಿದನು. ಮಂತ್ರಿಗಳಲ್ಲಿ ಇದು ಅಪರೂಪವೇ ಸರಿ. ಹುಡುಗಿಯರ ಶಾಲೆಯನ್ನು ಮಾತ್ರ ಕಾಯದೆಯು ಕಡ್ಡಾಯ ಮಾಡಲಿಲ್ಲ.

ಆದರೆ ಅಕ್ಷರ ಕೊಟ್ಟವನು ಮತ ಕೊಡಲೊಲ್ಲದೆ ಹೋದನು. ಮತಾಧಿಕಾರಕ್ಕೆ ಸಾಮಾನ್ಯವಾಗಿ ವರ್ಷಕ್ಕೆ ೨೦೦ ಫ್ರಾಂಕ್ ನೇರ ತೆರಿಗೆ ಸಲ್ಲಿಸಬೇಕಿತ್ತು; ಸುಮಾರು ೩೫೦ ಲಕ್ಷ ಜನರಲ್ಲಿ ಮತದಾರರು ೨ ಲಕ್ಷ ೪೦ ಸಾವಿರದಷ್ಟೇ ಇದ್ದರು. ವರ್ಗಗಳು ಮೇಲೇರುವದು ಇತಿಹಾಸದ ಗತಿಯೆಂದು ಬೋಧಿಸಿದವನೇ, ತನ್ನ ವರ್ಗವು ಏರಿದೊಡನೆ ಆ ಗತಿಯು ಮುಗಿಯಿತೆಂದು ಬಗೆದದ್ದು ನಮಗೆ ವಿಪರೀತವಾಗಿ ತೋರುತ್ತದೆ. ೧೮೪೮ರ ಫೆಬ್ರುವರಿಯಲ್ಲಿ ಪ್ಯಾರಿಸಿನ ಜನರು ದಂಗೆಯೆದ್ದರು. ೨೩ರಂದು ಗೀಜೋನ ಅಧಿಕಾರವೂ ೨೪ರಂದು ದೊರೆ ಲೂಯಿ ಫಿಲಿಪನ ಸಿಂಹಾಸನವೂ ಹೋದವು. ಗಂಡಸರಿಗೆಲ್ಲ ಮತಾಧಿಕಾರವು ಅದೇ ವರ್ಷ ದೊರೆಯಿತು.