ಏಳನೆಯ ಬಕೆಟ್



ಪರಮಾಣು ದುರಂತ ಎಂದಕೂಡಲೆ ನಮ್ಮ ಬಾಯಿಗೆ ಬರುವುದು ಚೆರ್ನೋಬಿಲ್, ಫುಕುಷಿಮಾ. ಇವತ್ತು ನಾನು ಮಾತಾಡಲು ಆರಿಸಿಕೊಂಡಿರುವುದು ಅವುಗಳ ಮುಂದೆ ತೀರ ಚಿಕ್ಕದೆನಿಸುವ ಒಂದು ಅಪಘಾತ. ಅಲ್ಲಿ ಸ್ಫೋಟವಾಗಲಿಲ್ಲ, ಛಾವಣಿ ಹಾರಲಿಲ್ಲ. ಅದು ವಿದ್ಯುತ್ ಸ್ಥಾವರವೇ ಅಲ್ಲ, ಇಂಧನ ತಯಾರಿಸುವ ಕಾರ್ಖಾನೆ. ಆದರೂ ತೀವ್ರ ವಿಕಿರಣ ಮನುಷ್ಯನ ದೇಹಕ್ಕೆ ಏನು ಮಾಡುತ್ತದೆ, ಆ ಸ್ಥಿತಿಗೆ ಅವನನ್ನು ತಂದು ನಿಲ್ಲಿಸುವುದು ಯಾವುದು ಎಂಬ ಎರಡೂ ಪ್ರಶ್ನೆಗೆ ಇಷ್ಟು ಸ್ಪಷ್ಟ ಉತ್ತರ ಬೇರೆ ಕಡೆ ಸಿಗುವುದು ಕಷ್ಟ.

ಟೋಕಿಯೊದ ಈಶಾನ್ಯಕ್ಕೆ, ಇಬರಾಕಿ ಪ್ರಾಂತದ ಕಡಲಂಚಿನಲ್ಲಿ ತೋಕೈಮುರ ಎಂಬ ಊರಿದೆ. ಜಪಾನಿನ ಪರಮಾಣು ಉದ್ಯಮ ಬೇರುಬಿಟ್ಟ ಊರು ಅದು. 1999ರ ಸೆಪ್ಟೆಂಬರ್ 30ರ ಬೆಳಿಗ್ಗೆ ಅಲ್ಲಿನ ಜೆಸಿಒ ಕಂಪನಿಯ ಒಂದು ಕಟ್ಟಡದಲ್ಲಿ ಮೂವರು ಕೆಲಸಗಾರರು ಜೋಯೋ ಎಂಬ ಪ್ರಾಯೋಗಿಕ ರಿಯಾಕ್ಟರಿಗೆ ಬೇಕಾದ ಯುರೇನಿಯಂ ದ್ರಾವಣ ತಯಾರಿಸುತ್ತಿದ್ದರು. ಯುರೇನಿಯಂ ಪುಡಿಯನ್ನು ನೈಟ್ರಿಕ್ ಆಮ್ಲದಲ್ಲಿ ಕರಗಿಸುವುದು, ಸೋಸುವುದು, ಒಂದೇ ಹದಕ್ಕೆ ಬರುವಂತೆ ಕಲಕುವುದು. ನೋಡಲು ಸಾದಾ ಕೆಲಸ. ಆದರೆ ಸಾಮಾನ್ಯ ವಿದ್ಯುತ್ ಸ್ಥಾವರದ ಇಂಧನದಲ್ಲಿ ಯುರೇನಿಯಂ-235ರ ಪಾಲು ಶೇಕಡ 3ರಿಂದ 5ರಷ್ಟಿದ್ದರೆ, ಈ ಪುಡಿಯಲ್ಲಿ ಅದು ಶೇಕಡ 18.8 ಇತ್ತು. ಆದ್ದರಿಂದಲೇ ಒಂದು ಸಲಕ್ಕೆ 2.4 ಕಿಲೋಗಿಂತ ಹೆಚ್ಚು ಯುರೇನಿಯಂ ಒಂದೆಡೆ ಸೇರಬಾರದು ಎಂಬ ಮಿತಿ ಇತ್ತು. ದ್ರಾವಣ ಹರಿದುಹೋಗಲು ಕಿರಿದಾದ, ಉದ್ದನೆಯ ಕೊಳವೆಯಾಕಾರದ ಪಾತ್ರೆಗಳಿದ್ದವು. ಕಿರಿದಾದ ಪಾತ್ರೆಯಿಂದ ನ್ಯೂಟ್ರಾನುಗಳು ಹೊರಗೆ ಸೋರಿಹೋಗುತ್ತವೆ, ಸರಣಿ ಕ್ರಿಯೆ ಹತ್ತಿಕೊಳ್ಳುವುದಿಲ್ಲ.

ಈ ವ್ಯವಸ್ಥೆ ನಿಧಾನದ್ದು. ಕಂಪನಿಯವರು ಸರ್ಕಾರಕ್ಕೆ ತಿಳಿಸದೆ ತಮ್ಮದೇ ಕೈಪಿಡಿ ಬರೆದುಕೊಂಡಿದ್ದರು. ಅದರ ಪ್ರಕಾರ ಪುಡಿಯನ್ನು ಹತ್ತು ಲೀಟರಿನ ಸ್ಟೀಲ್ ಬಕೆಟ್ಟಿನಲ್ಲೇ ಕರಗಿಸಬಹುದಿತ್ತು. ಆ ದಿನ ಕೆಲಸಗಾರರು ಇನ್ನೊಂದು ಹೆಜ್ಜೆ ಮುಂದೆ ಹೋದರು. ಕಲಕಲು ಸುಲಭವೆಂದು ಅಗಲವಾದ ತೊಟ್ಟಿಗೇ ದ್ರಾವಣ ಸುರಿಯತೊಡಗಿದರು. ಆ ತೊಟ್ಟಿಯ ಸುತ್ತ ತಂಪಿಡುವ ನೀರಿನ ಕವಚವಿತ್ತು. ಹೊರಗೆ ಹೋಗಬೇಕಾದ ನ್ಯೂಟ್ರಾನುಗಳನ್ನು ಆ ನೀರೇ ಒಳಕ್ಕೆ ತಿರುಗಿಸಿ ಕಳಿಸುತ್ತದೆ. ಹಿಂದಿನ ದಿನ ನಾಲ್ಕು ಬಕೆಟ್ ಆಗಿತ್ತು. ಅಂದು ಬೆಳಿಗ್ಗೆ ಐದನೆಯದು, ಆರನೆಯದು. ಒಬ್ಬ ಆಲಿಕೆ ಹಿಡಿದು ತೊಟ್ಟಿಯ ಮೇಲೆ ಬಾಗಿದ್ದ, ಇನ್ನೊಬ್ಬ ಸುರಿಯುತ್ತಿದ್ದ, ಮೂರನೆಯವನು, ಅವರ ಮೇಲ್ವಿಚಾರಕ, ಗೋಡೆಯಾಚೆ ಮೇಜಿನ ಮುಂದೆ ಕೂತಿದ್ದ. 10 ಗಂಟೆ 35 ನಿಮಿಷಕ್ಕೆ, ಏಳನೆಯ ಬಕೆಟ್ ಸುರಿಯುತ್ತಿದ್ದಾಗ, ನೀಲಿ ಬೆಳಕು ಮಿಂಚಿತು. ಸರಣಿ ಕ್ರಿಯೆ ಹತ್ತಿಕೊಂಡಿತ್ತು. ಗಾಮಾ ಎಚ್ಚರಿಕೆ ಗಂಟೆಗಳು ಹೊಡೆದುಕೊಂಡವು. ತೊಟ್ಟಿಯಲ್ಲಿ ಆಗ ಸುಮಾರು 16 ಕಿಲೋ ಯುರೇನಿಯಂ ಸೇರಿತ್ತು, ಮಿತಿಯ ಸುಮಾರು ಏಳು ಪಟ್ಟು.

ಆ ತೊಟ್ಟಿಯೊಳಗಿನ ಕ್ರಿಯೆ ಏರುತ್ತ ಇಳಿಯುತ್ತ ಸುಮಾರು 20 ಗಂಟೆ ನಡೆಯಿತು. ಅಷ್ಟು ಹೊತ್ತಿನಲ್ಲಿ ವಿದಳನಗೊಂಡ ಯುರೇನಿಯಂ ಎಷ್ಟು ಗೊತ್ತೆ? ಸುಮಾರು ಒಂದು ಮಿಲಿಗ್ರಾಂ. ಒಂದೆರಡು ಸಾಸಿವೆ ಕಾಳಿನ ತೂಕವೂ ಇಲ್ಲ.

ಕರೆ ಬಂತೆಂದು ಓಡಿ ಬಂದ ಆಂಬುಲೆನ್ಸ್ ಸಿಬ್ಬಂದಿಗೆ ಇದು ವಿಕಿರಣದ ಅಪಘಾತವೆಂದು ಯಾರೂ ಹೇಳಲಿಲ್ಲ. ರಕ್ಷಣೆಯ ಉಡುಪಿಲ್ಲದೆ ಬಂದ ಅವರೂ ವಿಕಿರಣಕ್ಕೆ ಸಿಕ್ಕರು. ಊರಿನ ಆಡಳಿತದ ಮುಖ್ಯಸ್ಥ ತಾತ್ಸುಯಾ ಮುರಾಕಾಮಿ ಮೇಲಿನವರ ಆದೇಶಕ್ಕೆ ಕಾಯದೆ, ಮಧ್ಯಾಹ್ನ ಮೂರರ ಹೊತ್ತಿಗೆ ಕಾರ್ಖಾನೆಯಿಂದ 350 ಮೀಟರಿನೊಳಗಿದ್ದ ಮನೆಗಳನ್ನು ಖಾಲಿ ಮಾಡಿಸಿದರು. ಆ ಒಂದು ನಿರ್ಧಾರಕ್ಕಾಗಿ ಅವರನ್ನು ನಾನು ಗೌರವದಿಂದ ನೆನೆಯುತ್ತೇನೆ. ರಾತ್ರಿ ಹೊತ್ತಿಗೆ ಹತ್ತು ಕಿಲೋಮೀಟರಿನೊಳಗಿದ್ದ ಮೂರು ಲಕ್ಷಕ್ಕೂ ಹೆಚ್ಚು ಜನರಿಗೆ ಮನೆ ಬಿಟ್ಟು ಹೊರಬರಬೇಡಿ ಎಂದು ಸೂಚನೆ ಹೋಯಿತು. ಕ್ರಿಯೆಯನ್ನು ನಿಲ್ಲಿಸಲು ಇದ್ದದ್ದು ಒಂದೇ ದಾರಿ: ತೊಟ್ಟಿಯ ಸುತ್ತಲಿನ ನೀರನ್ನು ಹೊರಗೆ ಬಿಡುವುದು. ನಡುರಾತ್ರಿ ಕಳೆದ ಮೇಲೆ ಕಂಪನಿಯ ನೌಕರರು ಸಣ್ಣ ಸಣ್ಣ ಗುಂಪುಗಳಲ್ಲಿ, ಕೆಲವೇ ನಿಮಿಷದ ಪಾಳಿಯಲ್ಲಿ ಓಡಿಹೋಗಿ ಆ ಕೆಲಸ ಮಾಡಿದರು. ನೀರು ಹೋಯಿತು, ಕ್ರಿಯೆ ನಿಂತಿತು, ಬೋರಿಕ್ ಆಮ್ಲ ಸುರಿದು ಖಚಿತಪಡಿಸಿಕೊಂಡರು.

ಇನ್ನು ದೇಹದ ವಿಚಾರ. ತೊಟ್ಟಿಯ ಮೇಲೆ ಬಾಗಿದ್ದವನಿಗೆ 35 ವರ್ಷ. ಅವನ ಹೆಸರನ್ನು ನಾನು ಹೇಳುವುದಿಲ್ಲ. ಅವನ ನೋವನ್ನು ಅಂತರ್ಜಾಲದಲ್ಲಿ ಕುತೂಹಲದ ಸರಕು ಮಾಡಿದ್ದು ಸಾಕು. ಅವನಿಗೆ ತಗುಲಿದ ವಿಕಿರಣ ಎಷ್ಟೆಂದು ತಿಳಿಸಿದ್ದು ಅವನದೇ ರಕ್ತ. ನಮ್ಮೆಲ್ಲರ ರಕ್ತದಲ್ಲಿರುವ ಉಪ್ಪಿನ ಸೋಡಿಯಂ, ನ್ಯೂಟ್ರಾನ್ ಹೊಡೆತಕ್ಕೆ ಸಿಕ್ಕರೆ ಸೋಡಿಯಂ-24 ಆಗಿ ಬದಲಾಗಿ ತಾನೇ ವಿಕಿರಣ ಸೂಸುತ್ತದೆ. 15 ಗಂಟೆಗೆ ಅದರ ಅರ್ಧ ಕರಗಿಹೋಗುತ್ತದೆ, ಆದ್ದರಿಂದ ಬೇಗ ಅಳೆಯಬೇಕು. ಅಳೆದರು. ಸುಮಾರು 17 ಸೀವರ್ಟ್ ಎಂಬ ಅಂದಾಜು ಬಂತು. ಮಣ್ಣಿನಿಂದ, ಆಕಾಶದಿಂದ ನಮಗೆಲ್ಲ ಸಹಜವಾಗಿ ಸಿಗುವುದು ವರ್ಷಕ್ಕೆ ಸರಾಸರಿ 2.4 ಮಿಲಿಸೀವರ್ಟ್. ಏಳು ಸಾವಿರ ವರ್ಷದ ಪಾಲು ಅವನಿಗೆ ಕ್ಷಣಗಳಲ್ಲಿ ಬಿದ್ದಿತ್ತು. ಎಂಟು ಸೀವರ್ಟ್ ದಾಟಿದವರು ಬದುಕುವುದು ಅತಿ ವಿರಳ.

ಆದರೆ ಮೊದಲ ದಿನಗಳಲ್ಲಿ ಅವನನ್ನು ನೋಡಿದವರಿಗೆ ಇದು ಗೊತ್ತಾಗುತ್ತಿರಲಿಲ್ಲ. ಮುಖ ಬಿಸಿಲಿಗೆ ಕೆಂಪಾದಂತೆ, ಬಲಗೈ ಸ್ವಲ್ಪ ಊದಿದಂತೆ ಇತ್ತು. ದಾದಿಯರ ಜೊತೆ ಚೆನ್ನಾಗಿ ಮಾತಾಡುತ್ತಿದ್ದ. ವಿಕಿರಣದ ಕ್ರೂರತೆ ಇರುವುದೇ ಇಲ್ಲಿ. ಬೆಂಕಿ ಸುಟ್ಟರೆ ಆಗಲೇ ಗಾಯ ಕಾಣುತ್ತದೆ. ವಿಕಿರಣ ಕೋಶದ ಒಳಗಿನ ವರ್ಣತಂತುವನ್ನು ಕಡಿದುಹಾಕುತ್ತದೆ, ಕೋಶ ಮಾತ್ರ ತನ್ನ ಆಯಸ್ಸು ಮುಗಿಯುವ ತನಕ ಇದ್ದೇ ಇರುತ್ತದೆ. ಅದರ ಜಾಗಕ್ಕೆ ಹೊಸದು ಬರಬೇಕಾದಾಗ ಬರುವುದಿಲ್ಲ. ಅವನ ಮಜ್ಜೆಯ ಕೋಶಗಳನ್ನು ಸೂಕ್ಷ್ಮದರ್ಶಕದಡಿ ಇಟ್ಟಾಗ ವರ್ಣತಂತುಗಳು ಚೂರುಚೂರಾಗಿ, ಯಾವುದು ಯಾವುದೆಂದು ಗುರುತಿಸಲಾಗದಂತೆ ಇದ್ದವು.

ಬೇಗ ಬೇಗ ಹುಟ್ಟುವ ಕೋಶಗಳಿಗೆ ಪೆಟ್ಟು ಮೊದಲು. ಬಿಳಿ ರಕ್ತಕಣಗಳು ಕೆಲವು ದಿನಗಳಲ್ಲೇ ಇಲ್ಲವಾದವು. ಟೋಕಿಯೊ ವಿಶ್ವವಿದ್ಯಾಲಯದ ಆಸ್ಪತ್ರೆಯಲ್ಲಿ ಕಾಜುಹಿಕೊ ಮಾಎಕಾವಾ ಅವರ ನೇತೃತ್ವದ ತಂಡ ಅವನ ಸಹೋದರಿಯ ರಕ್ತದಿಂದ ತೆಗೆದ ಕಾಂಡಕೋಶಗಳನ್ನು ಅವನಿಗೆ ಕೊಟ್ಟಿತು. ಅವು ನೆಲೆಯೂರಿದವು, ಬಿಳಿಕಣಗಳು ಏರಿದವು. ಕೆಲವು ದಿನ ಎಲ್ಲರೂ ಆಸೆಯಿಂದಿದ್ದರು. ಆಮೇಲೆ ಆ ಹೊಸ ಕೋಶಗಳಲ್ಲಿ ಕೆಲವದರ ವರ್ಣತಂತುಗಳೂ ಕೆಟ್ಟಿರುವುದು ಕಂಡಿತು. ಅಷ್ಟರಲ್ಲಿ ಚರ್ಮದ ಸರದಿ. ಕೈಗೆ ಅಂಟಿಸಿದ್ದ ಪಟ್ಟಿ ಕಿತ್ತರೆ ಅದರ ಜೊತೆ ಚರ್ಮವೂ ಬರುತ್ತಿತ್ತು. ಕೆಳಗಿನಿಂದ ಹೊಸ ಪದರ ಹುಟ್ಟುತ್ತಿರಲಿಲ್ಲ. ಕರುಳಿನ ಒಳಪೊರೆಯೂ ಹಾಗೆಯೇ ಕಳಚಿತು. ದಿನಕ್ಕೆ ಹಲವು ಲೀಟರ್ ದ್ರವ ಮೈಯಿಂದ ಸೋರುತ್ತಿತ್ತು, ಅಷ್ಟನ್ನೇ ಸೂಜಿಯ ಮೂಲಕ ತುಂಬಬೇಕಿತ್ತು. 59ನೆಯ ದಿನ ಹೃದಯ ನಿಂತಿತು, ವೈದ್ಯರು ಮತ್ತೆ ನಡೆಸಿದರು. ಡಿಸೆಂಬರ್ 21ರಂದು, 83ನೆಯ ದಿನ, ಅವನು ತೀರಿಕೊಂಡ. ಬಕೆಟ್ ಸುರಿಯುತ್ತಿದ್ದ 40 ವರ್ಷದ ಇನ್ನೊಬ್ಬ, ಹೊಕ್ಕುಳಬಳ್ಳಿಯ ರಕ್ತದ ಕಸಿ, ಚರ್ಮದ ಕಸಿ ಎಲ್ಲ ಆದ ಮೇಲೂ 2000ದ ಏಪ್ರಿಲ್ 27ರಂದು ಹೋದ.

ಇಷ್ಟು ದಿನ ಎಳೆಯಬೇಕಿತ್ತೆ ಎಂದು ಕೇಳುವವರಿದ್ದಾರೆ. ನ್ಯಾಯವಾದ ಪ್ರಶ್ನೆ. ಕುಟುಂಬ ಆಸೆ ಬಿಟ್ಟಿರಲಿಲ್ಲ, ವೈದ್ಯರ ಮುಂದೆ ಇಂಥ ರೋಗಿಗೆ ಹೀಗೆ ಮಾಡಿ ಎಂದು ಹೇಳುವ ದಾರಿಯೂ ಇರಲಿಲ್ಲ. ಅವರನ್ನು ಕಟಕಟೆಯಲ್ಲಿ ನಿಲ್ಲಿಸಲು ನನಗೆ ಮನಸ್ಸಿಲ್ಲ. ಕಟಕಟೆಗೆ ಬರಬೇಕಾದವರು ಬೇರೆ ಇದ್ದರು.

ಆ ಮೂವರಿಗೆ ಕ್ರಿಟಿಕಾಲಿಟಿ, ಅಂದರೆ ಸರಣಿ ಕ್ರಿಯೆ ತಾನಾಗಿ ನಡೆಯತೊಡಗುವ ಸ್ಥಿತಿ, ಏನೆಂದು ಸರಿಯಾಗಿ ಯಾರೂ ಕಲಿಸಿರಲಿಲ್ಲ. 2.4 ಕಿಲೋ ಎಂಬ ಅಂಕಿಯ ಹಿಂದೆ ಪ್ರಾಣವಿದೆ ಎಂಬುದು ಕಾಗದ ಬರೆದವರಿಗೆ ಗೊತ್ತಿತ್ತು, ಬಕೆಟ್ ಎತ್ತಿದವರಿಗೆ ಗೊತ್ತಿರಲಿಲ್ಲ. ನಾನು ಇವತ್ತು ಹೇಳಬೇಕೆಂದು ಬಂದ ಮಾತು ಇದೇ. 2003ರಲ್ಲಿ ಮಿತೊ ನ್ಯಾಯಾಲಯ ಕಂಪನಿಗೆ ಹತ್ತು ಲಕ್ಷ ಯೆನ್ ದಂಡ ಹಾಕಿತು, ಆರು ಮಂದಿಯನ್ನು ತಪ್ಪಿತಸ್ಥರೆಂದಿತು, ಯಾರೂ ಜೈಲಿಗೆ ಹೋಗದಂತೆ ಶಿಕ್ಷೆಯನ್ನು ಅಮಾನತಿನಲ್ಲಿಟ್ಟಿತು. ಆ ಆರರಲ್ಲಿ ಒಬ್ಬ, ಗೋಡೆಯಾಚೆ ಕೂತಿದ್ದು ಬದುಕಿ ಉಳಿದ ಆ ಮೇಲ್ವಿಚಾರಕ.

ನಮ್ಮ ಕೈಗಾ ಅಣು ವಿದ್ಯುತ್ ಸ್ಥಾವರದಲ್ಲಿ ಇದು ಆಗಬಹುದೆ? ಹೀಗೆಯೇ ಆಗದು. ಅಲ್ಲಿನ ರಿಯಾಕ್ಟರುಗಳು ನಡೆಯುವುದು ನೈಸರ್ಗಿಕ ಯುರೇನಿಯಂನಿಂದ. ಸಾದಾ ನೀರಿನ ತೊಟ್ಟಿಯಲ್ಲಿ ಅದನ್ನು ಎಷ್ಟು ಸುರಿದರೂ ಸರಣಿ ಕ್ರಿಯೆ ಹತ್ತಿಕೊಳ್ಳದು. ಇಲ್ಲದ ಭಯ ಹುಟ್ಟಿಸುವುದು ನನ್ನ ಕೆಲಸವಲ್ಲ. ಆದರೆ 2009ರ ನವೆಂಬರಿನಲ್ಲಿ ಕೈಗಾದ ಕುಡಿಯುವ ನೀರಿನ ಕೂಲರಿಗೆ ಯಾರೋ ಟ್ರಿಟಿಯಂ ಎಂಬ ವಿಕಿರಣಶೀಲ ವಸ್ತು ಇದ್ದ ಭಾರಜಲ ಬೆರೆಸಿದ್ದರು. 50ಕ್ಕೂ ಹೆಚ್ಚು ಕೆಲಸಗಾರರ ಮೈಗೆ ಅದು ಸೇರಿತ್ತು, ಗೊತ್ತಾದದ್ದು ಮೂತ್ರ ಪರೀಕ್ಷೆಯಿಂದ. ಅಲ್ಲಿಯೂ ಸಾಕ್ಷಿ ಹೇಳಿದ್ದು ಕೆಲಸಗಾರರ ದೇಹವೇ. ನಮ್ಮ ದೇಶದ ವಿಕಿರಣ ಕೆಲಸಗಾರರಿಗೆ ಐದು ವರ್ಷದ ಸರಾಸರಿಯಲ್ಲಿ ವರ್ಷಕ್ಕೆ 20 ಮಿಲಿಸೀವರ್ಟ್, ಯಾವ ಒಂದು ವರ್ಷದಲ್ಲೂ 30 ಮೀರಬಾರದು ಎಂಬ ಮಿತಿ ಇದೆ. ಅದನ್ನು ಅಳೆಯುವ ಬಿಲ್ಲೆಯನ್ನು ಅವರ ಎದೆಗೆ ಸಿಕ್ಕಿಸಿರುತ್ತಾರೆ. ಆ ಬಿಲ್ಲೆ ಓದಿದ ಅಂಕಿ ಕಡತಕ್ಕೆ ಹೋಗಿ ಕೂತರೆ ಸಾಲದು. ಗುತ್ತಿಗೆಯ ಮೇಲೆ ಬಂದ ಕೆಲಸಗಾರನ ಕೈಗೂ ಅವನು ಓದಬಲ್ಲ ಭಾಷೆಯಲ್ಲಿ ಅದು ಬರಬೇಕು, 20 ಯಾಕೆ, 30 ಯಾಕೆ ಎಂದು ಕೂತು ವಿವರಿಸುವವರು ಇರಬೇಕು, ವಿವರ ಸಿಗದೆ ಒಳಗೆ ಹೋಗುವುದಿಲ್ಲ ಎಂದು ಅವನು ಹೇಳಿದರೆ ಅವನ ಕೂಲಿ ಕಡಿತವಾಗಬಾರದು.