ಸಕ್ಕರೆ ಕಾಯಿಲೆ ಮತ್ತು ನಮ್ಮ ಹೊಲದ ಕಾಳುಗಳು
(ರೈತರ ಸಭೆಯೊಂದರಲ್ಲಿ ಮಾಡಿದ ಭಾಷಣ)



ನಾನು ವೈದ್ಯನಲ್ಲ, ಬೇಸಾಯ ಶಾಸ್ತ್ರದ ಉಪನ್ಯಾಸಕ. ಆದರೂ ಇಂದು ಹಿಂಗಾರಿ ಜೋಳದ ಬಿತ್ತನೆಯನ್ನು ಬದಿಗಿಟ್ಟು ಸಕ್ಕರೆ ಕಾಯಿಲೆಯ ಬಗ್ಗೆ ನಾಲ್ಕು ಮಾತು ಹೇಳಬೇಕೆಂದಿದ್ದೇನೆ. ಈ ಕಾಯಿಲೆ ನನಗೂ ಇದೆ. ಜೋಳ, ನವಣೆಗಳ ಪಾಠ ಹೇಳುತ್ತ ಎರಡು ಹೊತ್ತು ಅನ್ನ ಉಣ್ಣುತ್ತಿದ್ದವನು ನಾನು.

ಇದು ಪೇಟೆಯಲ್ಲಿ ಕುಳಿತು ಉಣ್ಣುವವರ ರೋಗವೆಂದು ನಮ್ಮ ಹಿರಿಯರು ತಿಳಿದಿದ್ದರು. ಈಗ ಹಾಗಿಲ್ಲ. ರಂಟೆ ಹೊಡೆಯುವ ಕೆಲಸವನ್ನು ಟ್ರ್ಯಾಕ್ಟರ್ ಮಾಡುತ್ತದೆ, ಹೊಲಕ್ಕೆ ಹೋಗುವುದು ಮೋಟಾರ್ ಸೈಕಲ್ ಮೇಲೆ. ಬೆಟಗೇರಿಯ ನೇಕಾರ ಬಂಧುಗಳಂತೂ ದಿನವಿಡೀ ಮಗ್ಗದ ಮುಂದೆಯೇ. ರೊಟ್ಟಿಯ ಜಾಗಕ್ಕೆ ಅನ್ನ ಬಂದಿದೆ. ಸಂಜೆ ಗಿರಮಿಟ್ಟು, ಮಿರ್ಚಿ, ಅದರ ಮೇಲೆ ಸಿಹಿ ಚಹಾ.

ಸವಳು ಭೂಮಿಯಲ್ಲಿ ನೀರಿದ್ದರೂ ಬೆಳೆ ಬಾಡುವುದನ್ನು ನೀವು ಕಂಡಿದ್ದೀರಿ. ನೀರಿದೆ, ಬೇರು ಅದನ್ನು ಹೀರಲಾರದು. ಸಕ್ಕರೆ ಕಾಯಿಲೆಯೂ ಹಾಗೆಯೇ. ಉಂಡ ಅನ್ನ ಸಕ್ಕರೆಯಾಗಿ ರಕ್ತಕ್ಕೆ ಸೇರುತ್ತದೆ. ಆದರೆ ಇನ್ಸುಲಿನ್ ಸಾಲದೆ, ಅಥವಾ ಇದ್ದರೂ ಅದು ಸರಿಯಾಗಿ ಕೆಲಸ ಮಾಡದೆ, ಸಕ್ಕರೆ ಮೈಗೆ ಹತ್ತುವುದಿಲ್ಲ; ರಕ್ತದಲ್ಲಿಯೇ ಉಳಿದು ಕಣ್ಣು, ಮೂತ್ರಪಿಂಡ, ನರಗಳನ್ನು ಕೆಡಿಸುತ್ತದೆ. ಬಹಳ ಕಾಲ ಯಾವ ನೋವೂ ಇರುವುದಿಲ್ಲ. ಆದ್ದರಿಂದ 30 ವರ್ಷ ದಾಟಿದವರೆಲ್ಲ ಪರೀಕ್ಷೆ ಮಾಡಿಸಬೇಕು. ಸರಕಾರಿ ಆರೋಗ್ಯ ಕೇಂದ್ರಗಳಲ್ಲಿ ಇದು ಉಚಿತ. ಬರಿಹೊಟ್ಟೆಯಲ್ಲಿ 100 ಮಿಲಿಗ್ರಾಂಗಿಂತ ಕಡಿಮೆ ಇದ್ದರೆ ಚಿಂತೆಯಿಲ್ಲ. 126 ಅಥವಾ ಹೆಚ್ಚಿದ್ದು, ಮತ್ತೊಮ್ಮೆ ನೋಡಿದಾಗಲೂ ಹಾಗೇ ಬಂದರೆ ಕಾಯಿಲೆ ಇದೆ ಎಂದರ್ಥ. ನಡುವಿನವರು ಬದುವಿನ ಮೇಲೆ ನಿಂತವರು, ಈಗಲೇ ಹಿಂದೆ ಸರಿಯಬಹುದು.

ಇನ್ನು ಊಟದ ವಿಚಾರ. ನೂರು ಗ್ರಾಂ ಅಕ್ಕಿಯಲ್ಲಿ ಸಸಾರಜನಕ ಸುಮಾರು 7 ಗ್ರಾಂ, ಜೋಳದಲ್ಲಿ 10, ನವಣೆಯಲ್ಲಿ 12, ನಮ್ಮ ಮುಂಗಾರಿನ ಹೆಸರು ಕಾಳಿನಲ್ಲಿ 24. ನಾರಿನ ಅಂಶವೂ ಇವುಗಳಲ್ಲಿ ಹೆಚ್ಚು. ಆದ್ದರಿಂದ ಸಕ್ಕರೆ ನಿಧಾನವಾಗಿ ಏರುತ್ತದೆ. ಆದರೆ "ರೊಟ್ಟಿ ತಿಂದರೆ ಏನೂ ಆಗುವುದಿಲ್ಲ" ಎನ್ನುವವರನ್ನು ನಂಬಬೇಡಿರಿ. ಜೋಳದಲ್ಲಿಯೂ ನೂರಕ್ಕೆ 70 ಪಾಲಿನಷ್ಟು ಪಿಷ್ಟವಿದೆ. ನಾಲ್ಕು ರೊಟ್ಟಿ ಉಣ್ಣುವವರು ಎರಡಕ್ಕೆ ಇಳಿಸಿ, ಅರ್ಧ ತಾಟು ಪಲ್ಯೆ ತುಂಬಿಕೊಳ್ಳಬೇಕು: ಮೆಂತ್ಯೆ, ಪುಂಡಿ, ಹೀರೆ, ಬದನೆ. ಕಾಲು ಭಾಗ ಹೆಸರು, ಮಡಕಿ ಅಥವಾ ಕಡಲೆ. ಜೊತೆಗೆ ಗುರೆಳ್ಳು ಚಟ್ನಿ, ಮಜ್ಜಿಗೆ. ಬೆಲ್ಲದ ಚಹಾ ಒಳ್ಳೆಯದೆಂಬುದು ಬರೀ ಸಮಾಧಾನ, ಬೆಲ್ಲವೂ ಸಕ್ಕರೆಯೇ. ನವಣೆಯನ್ನು ಬೆಳ್ಳಗೆ ಪಾಲಿಶ್ ಮಾಡಿಸಿ ಗಂಜಿ ಕಾಯಿಸಿ ಕುಡಿದರೆ ಅದರ ಗುಣ ಬಹುಪಾಲು ಹೋದಂತೆಯೇ.

ಶಿರಹಟ್ಟಿ, ಲಕ್ಷ್ಮೇಶ್ವರ ಕಡೆಯ ರೈತರಿಗೆ ಒಂದು ಸೂಚನೆ. ಮನೆಯ ಊಟಕ್ಕಾದರೂ ಒಂದಿಷ್ಟು ನವಣೆ ಬಿತ್ತಿರಿ. ಎಕರೆಗೆ ಮೂರು-ನಾಲ್ಕು ಕಿಲೋ ಬೀಜ ಸಾಕು, ಸುಮಾರು ಮೂರು ತಿಂಗಳ ಬೆಳೆ, ತೊಗರಿಯ ಸಾಲುಗಳ ನಡುವೆಯೂ ಬರುತ್ತದೆ. ಪೇಟೆಯಲ್ಲಿ ದುಬಾರಿ ಬೆಲೆ ಕೊಟ್ಟು ಕೊಳ್ಳುವ ಪ್ರಮೇಯವಿರುವುದಿಲ್ಲ.

ಗುಳಿಗೆ ನುಂಗಿ ಬರಿಹೊಟ್ಟೆಯಲ್ಲಿ ಕಳೆ ತೆಗೆಯಲು ಹೋಗಬಾರದು. ಸಕ್ಕರೆ 70ಕ್ಕಿಂತ ಕೆಳಗಿಳಿದರೆ ಬೆವರು, ನಡುಕ, ಕಣ್ಣು ಕತ್ತಲೆ. ಹೊಲದಲ್ಲಿ ಒಬ್ಬರೇ ಇದ್ದರೆ ಪ್ರಾಣಕ್ಕೇ ಅಪಾಯ. ಅಂಗಿಯ ಕಿಸೆಯಲ್ಲಿ ಸಕ್ಕರೆಯ ಪುಡಿಕೆ ಇರಲಿ, ಬೆಲ್ಲ ಕೆಲಸಕ್ಕೆ ಬರುವುದು ಇಲ್ಲಿಯೇ. ಉಪವಾಸ ಮಾಡುವವರು ಮೊದಲು ವೈದ್ಯರನ್ನು ಕೇಳಬೇಕು. ಕಪ್ಪತಗುಡ್ಡದ ಗಿಡಮೂಲಿಕೆಗಳ ಮೇಲೆ ನನಗೂ ಗೌರವವಿದೆ. ಆದರೆ ಕಷಾಯ ಕುಡಿಯುತ್ತ ಗುಳಿಗೆ ನಿಲ್ಲಿಸಿದವರು ಕೆಟ್ಟಿದ್ದನ್ನು ಕಂಡಿದ್ದೇನೆ.

ಕೊನೆಗೆ ಕಾಲಿನ ಮಾತು. ಮುಂಡರಗಿ ಭಾಗದಲ್ಲಿ ನನ್ನ ಸೋದರಮಾವನವರಿದ್ದರು. ಬರಿಗಾಲಲ್ಲಿ ಹೊಲಕ್ಕೆ ಹೋದಾಗ ಜೋಳದ ಕೂಳೆ ಚುಚ್ಚಿತು. ನರ ಸತ್ತ ಕಾಲು, ನೋವಾಗಲಿಲ್ಲ. ಅತ್ತೆ ಹಾಸಿಗೆಯ ಮೇಲೆ ಕೀವಿನ ಕಲೆ ಕಂಡು ಕೇಳಿದಾಗ ಹತ್ತು ದಿನ ಕಳೆದಿತ್ತು. ಎರಡು ಬೆರಳು ತೆಗೆಯಬೇಕಾಯಿತು. ಅವರು ಮತ್ತೆ ಕೂರಿಗೆ ಹಿಡಿಯಲಿಲ್ಲ. ನಿತ್ಯ ರಾತ್ರಿ ಕಾಲು ತೊಳೆದು, ಬೆರಳ ಸಂದು ಒರೆಸಿ, ಅಂಗಾಲನ್ನು ಮನೆಯವರಿಂದ ನೋಡಿಸಿರಿ. ಹೊಲಕ್ಕೆ ಮುಚ್ಚಿದ ಬೂಟು ಹಾಕಿರಿ. ಎತ್ತಿನ ಗೊರಸು ನೋಡಿ ಲಾಳ ಕಟ್ಟಿಸುವ ನಾವು ನಮ್ಮ ಕಾಲನ್ನು ನೋಡಿಕೊಳ್ಳುವುದಿಲ್ಲ.

ಸಂದೇಹವಿದ್ದವರು ಈಗ ಕೇಳಬಹುದು. ತಾಯಂದಿರು ಮೊದಲು ಕೇಳಲಿ.